ಕಳೆ ಎಂದು ಕಿತ್ತ 43 ಗಿಡಗಳು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪತ್ರಿಕೆಯ ಬೆಂಗಳೂರು ಪುಟದಲ್ಲಿ ನಮ್ಮ ಬಡಾವಣೆಯ ಕೆರೆ ಏರಿಯ ಚಿತ್ರ ಅಚ್ಚಾಗಿತ್ತು. ಹೊಸದಾಗಿ ಹಾಸಿದ ಹುಲ್ಲು, ಸಾಲಾಗಿ ನೆಟ್ಟ ಕ್ರೋಟನ್ ಗಿಡಗಳು, ನಡುವೆ ಸಿಮೆಂಟ್ ಇಟ್ಟಿಗೆ ಜೋಡಿಸಿದ ಕಾಲುದಾರಿ. ಕಳೆಯೆಲ್ಲ ತೆಗೆದ ಮೇಲೆ ಏರಿ ಕಂಗೊಳಿಸುತ್ತಿದೆ ಎಂದು ಚಿತ್ರದ ಕೆಳಗೆ ಬರೆದಿದ್ದಿರಿ.

ನೀವು ಕಳೆ ಎಂದಿರಲ್ಲ, ಅವುಗಳ ಚಿತ್ರಗಳು ನನ್ನ ಮನೆಯ ಬೀರುವಿನಲ್ಲಿವೆ. ಒಟ್ಟು 43 ಹಾಳೆ. ತುಂಬೆ, ಉತ್ತರಣಿ, ಎಕ್ಕ, ತಂಗಡಿ, ಲಕ್ಕಿ, ಬಂದರಿಕೆ, ವಿಷ್ಣುಕ್ರಾಂತಿ, ಒಂದೆಲಗ, ದಾಗಡಿ ಬಳ್ಳಿ, ಅಮೃತಬಳ್ಳಿ, ಕವಳೆ, ನೀರಂಚಿನ ಜೊಂಡು, ಹೀಗೆ. ಏರಿಯ ಮೇಲೆ ಪಾರ್ಥೇನಿಯಂ, ಲಂಟಾನಗಳೂ ಇದ್ದವು. ಅವನ್ನು ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ. ಚಿತ್ರ ಬರೆದವರು 9ರಿಂದ 14 ವರ್ಷದ ಮಕ್ಕಳು. ಬಳಸಿದ ಬಣ್ಣಗಳಲ್ಲಿ ಹೆಚ್ಚಿನವು ಅದೇ ಏರಿಯ ಗಿಡಗಳಿಂದಲೇ ತೆಗೆದಂಥವು. ಆ ಹಾಳೆಗಳ ಕಥೆಯನ್ನು ನಿಮ್ಮ ಓದುಗರಿಗೆ ತಿಳಿಸಬೇಕೆಂದು ಈ ಪತ್ರ. ಉದ್ದವಾಗಿದೆ, ಬಲ್ಲೆ. ದಯವಿಟ್ಟು ಕತ್ತರಿಸದೆ ಪ್ರಕಟಿಸಬೇಕೆಂದು ಕೋರುತ್ತೇನೆ.

ನಾನು ಸಾಗರ ತಾಲ್ಲೂಕಿನ ದೀವರ ಮನೆತನದವಳು. ಮದುವೆಗೆಂದು ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರದ ನಡುವೆ ಬೆಳೆದವಳು. ಮದುವೆ ನಿಶ್ಚಯವಾಯಿತೆಂದರೆ ಅಜ್ಜಿ ಗೋಡೆಗೆ ಕೆಮ್ಮಣ್ಣು ಬಳಿದು, ಅದು ಆರುವ ತನಕ ನಮ್ಮನ್ನು ಯಾರನ್ನೂ ಆ ಕಡೆ ಸುಳಿಯಲು ಬಿಡುತ್ತಿರಲಿಲ್ಲ. ಬಿಳಿಗೆ ನೆನೆಸಿ ರುಬ್ಬಿದ ಅಕ್ಕಿ. ಕಪ್ಪಿಗೆ ಕರಕಾಗುವಂತೆ ಹುರಿದ ಅಕ್ಕಿ. ಕುಂಚಕ್ಕೆ ಪುಂಡಿ ನಾರು. ಹಳದಿಗೆ ಗುರಿಗೆ ಕಾಯಿ. ಉಳಿದದ್ದೆಲ್ಲ ಮನೆಯಲ್ಲಿ, ಹಿತ್ತಿಲಲ್ಲಿ ಸಿಗುತ್ತಿತ್ತು. ಗುರಿಗೆಗೆ ಮಾತ್ರ ಕಾಡಿಗೆ ಹೋಗಬೇಕು. ಅದು ಘಟ್ಟದ ನಿತ್ಯಹರಿದ್ವರ್ಣ ಕಾಡಿನ ನೆರಳಲ್ಲಿ ನಿಧಾನವಾಗಿ ಬೆಳೆಯುವ ಮರ, ಕೋಕಂ ಹಣ್ಣು ಬಿಡುವ ಮುರುಗಲು ಮರದ ಬಳಗದ್ದು. ಕಾಯಿ ಒಡೆದರೆ ಅರಿಶಿನದಂಥ ಹಾಲು ಕೈಗೆ ಅಂಟುತ್ತದೆ, ಎರಡು ದಿನ ತೊಳೆದರೂ ಹೋಗುವುದಿಲ್ಲ.

ಅಜ್ಜಿ ಹೋಗುವಾಗ ನನ್ನನ್ನೂ ಕರೆದೊಯ್ಯುತ್ತಿದ್ದಳು. ಬುಡದಲ್ಲಿ ಬಿದ್ದದ್ದನ್ನು ಮೊದಲು ಆರಿಸಬೇಕು. ಅದು ಸಾಲದಿದ್ದರೆ ಕೈಗೆ ಎಟಕುವಷ್ಟನ್ನು ಕೀಳಬಹುದು. ಕೊಂಬೆ ಎಳೆದು ಬಗ್ಗಿಸುವ ಹಾಗಿಲ್ಲ. ‘ಮುಂದಿನ ಮದುವೆಗೂ ಹಳದಿ ಬೇಕಲ್ಲ’ ಎನ್ನುತ್ತಿದ್ದಳು. ಭೂಮಿ ಹುಣ್ಣಿಮೆಗೆ ಮುಂಚೆ, ಗದ್ದೆಗೆ ನೈವೇದ್ಯ ಒಯ್ಯುವ ಬೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವಾಗಲೂ ಅದೇ ಹಳದಿ. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಕೂದಲೆಳೆಯಂಥ ಗೆರೆ ಎಳೆಯುತ್ತ ಅಜ್ಜಿ ರಾತ್ರಿ ಬಹಳ ಹೊತ್ತು ಕೂರುತ್ತಿದ್ದಳು. ಗೆರೆಗೆ ನಮ್ಮಲ್ಲಿ ‘ಎಳೆ’ ಎನ್ನುತ್ತಾರೆ. ಎಳೆ ತಪ್ಪಬಾರದು ಎಂಬುದು ಅವಳು ನನಗೆ ಕಲಿಸಿದ ಮೊದಲ ಚಿತ್ರಪಾಠ.

ಹದಿನೈದು ವರ್ಷದ ಹಿಂದೆ ಅಣ್ಣನ ಮಗಳ ಮದುವೆಗೆ ಊರಿಗೆ ಹೋಗಿದ್ದೆ. ಹಸೆಗೋಡೆ ಚೆನ್ನಾಗಿತ್ತು, ಒಂದೆಳೆಯೂ ತಪ್ಪಿರಲಿಲ್ಲ. ಹಳದಿ ಮಾತ್ರ ಅಂಗಡಿಯ ಡಬ್ಬಿಯದು. ಗುರಿಗೆ ಸಿಗಲಿಲ್ಲವೇ ಎಂದು ಅತ್ತಿಗೆಯನ್ನು ಕೇಳಿದೆ. ಆ ಮರಗಳಿದ್ದ ಕಡೆ ಈಗ ಅಕೇಶಿಯಾ ನೆಡುತೋಪು ಎಂದರು. ಮರ ಹೋಗಿ ಎಷ್ಟು ವರ್ಷವಾಯಿತೆಂದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಡಬ್ಬಿಯ ಬಣ್ಣ ಮನೆಗೆ ಬಂದ ಮೇಲೆ ಯಾರೂ ಆ ಕಡೆ ಹೋಗಿರಲಿಲ್ಲ. ಯಾರೂ ಹೋಗದ ಕಾರಣ, ಕಡಿದದ್ದು ಯಾರಿಗೂ ತಿಳಿಯಲಿಲ್ಲ. ಬಣ್ಣಕ್ಕೆಂದು ವರ್ಷಕ್ಕೊಮ್ಮೆಯಾದರೂ ಹೋಗಿ ಬರುವ ಹೆಂಗಸರು ಇದ್ದಷ್ಟು ದಿನ ಆ ಮರಗಳಿಗೆ ಕಾವಲಿತ್ತು. ಅಂದಿನಿಂದ ನನ್ನ ತಲೆಯಲ್ಲಿ ಕೂತಿರುವುದು ಇದೊಂದೇ ವಿಚಾರ.

ಬೆಂಗಳೂರಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ಚಿತ್ರಕಲೆ ಕಲಿಸಿ ನಿವೃತ್ತಳಾದೆ. ಇಷ್ಟು ವರ್ಷಗಳಲ್ಲಿ ‘ನಿಮಗಿಷ್ಟವಾದ ಪ್ರಕೃತಿ ಚಿತ್ರ ಬರೆಯಿರಿ’ ಎಂದಾಗಲೆಲ್ಲ ನನ್ನ ಮುಂದೆ ಬಂದದ್ದು ಒಂದೇ ಚಿತ್ರ: ಎರಡು ತ್ರಿಕೋನದ ಬೆಟ್ಟ, ನಡುವೆ ಸೂರ್ಯ, ಹರಿದು ಬರುವ ನದಿ, ಒಂದು ತೆಂಗಿನ ಮರ. ಕೆ.ಆರ್. ಪುರದ ಮಗುವೂ ಅದನ್ನೇ ಬರೆಯಿತು, ಕೆಂಗೇರಿಯ ಮಗುವೂ ಅದನ್ನೇ ಬರೆಯಿತು. ತಪ್ಪು ಮಕ್ಕಳದಲ್ಲ. ಡ್ರಾಯಿಂಗ್ ಗ್ರೇಡ್ ಪರೀಕ್ಷೆಯ ನಿಸರ್ಗ ಚಿತ್ರಣಕ್ಕೆ ತಯಾರಿ ಮಾಡಿಸುವಾಗ ನಾನೇ ಅವರ ಮುಂದೆ ಇಡುತ್ತಿದ್ದದ್ದು ಶಾಲೆಯ ಕುಂಡದ ಕ್ರೋಟನ್ ಎಲೆ. ಕಾಂಪೌಂಡಿನ ಆಚೆ ತಂಗಡಿ ಹೂ ಬಿಟ್ಟು ನಿಂತಿರುತ್ತಿತ್ತು. ಅದನ್ನು ಒಳಗೆ ತರಬೇಕೆಂದು ನನಗೆ ಹೊಳೆಯಲೇ ಇಲ್ಲ. ಆ ನೋವು ನನ್ನಲ್ಲಿದೆ.

ನಿವೃತ್ತಿಯ ನಂತರ ಮನೆಯ ಕಾರು ನಿಲ್ಲಿಸುವ ಜಾಗದಲ್ಲಿ ಶನಿವಾರದ ತರಗತಿ ಶುರು ಮಾಡಿದೆ. ಬೀದಿಯ ಮಕ್ಕಳು, ಮುಂದಿನ ನಿವೇಶನದಲ್ಲಿ ಕಟ್ಟಡ ಕೆಲಸಕ್ಕೆ ಬಂದು ಶೆಡ್ಡಿನಲ್ಲಿದ್ದ ಕುಟುಂಬಗಳ ಮಕ್ಕಳು, ಎಲ್ಲ ಸೇರಿ ಹದಿನೆಂಟು ಇಪ್ಪತ್ತು ಜನ. ಒಂದೇ ಷರತ್ತು: ಅಂಗಡಿಯ ಬಣ್ಣ ತರಬಾರದು.

ಮೊದಲು ಮಾಡಿದ್ದು ಮಸಿ. ಬಳೇಪೇಟೆಯ ಗ್ರಂಧಿಗೆ ಅಂಗಡಿಯಿಂದ ಕಾಲು ಕಿಲೊ ಅಳಲೆಕಾಯಿ ತಂದು, ಬೀಜ ಬಿಡಿಸಿ, ಸಿಪ್ಪೆಯನ್ನು ಕುಟ್ಟಿ ರಾತ್ರಿಯಿಡೀ ನೆನೆಸಿಟ್ಟೆವು. ಬೆಳಿಗ್ಗೆ ಕುದಿಸಿ ಸೋಸಿದರೆ ಚಹಾದಂಥ ಕಷಾಯ. ಇನ್ನೊಂದು ಪಾತ್ರೆಯಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ವಾರಕ್ಕೂ ಹೆಚ್ಚು ನೆನೆಹಾಕಿದ್ದೆವು. ಎರಡನ್ನೂ ಬೆರೆಸಿದೊಡನೆ ಕಷಾಯ ಕಪ್ಪಾಯಿತು. ಅಳಲೆಯ ಒಗರು ಕಬ್ಬಿಣದೊಂದಿಗೆ ಸೇರಿದರೆ ಹೀಗಾಗುತ್ತದೆ. ಒಂದಿಷ್ಟು ಜಾಲಿ ಅಂಟು ಹಾಕಿ ಕದಡಿದರೆ ಮಸಿ ಸಿದ್ಧ. ಈ ಮಸಿಯ ಒಂದು ಗುಣವೆಂದರೆ ಬರೆಯುವಾಗ ಮಸುಕಾಗಿದ್ದು, ಗಾಳಿಗೆ ಆರುತ್ತ ಆರುತ್ತ ಕಪ್ಪೇರುತ್ತದೆ. ಮಕ್ಕಳು ಬರೆದ ಗೆರೆಯ ಮುಂದೆ ಕೆನ್ನೆಗೆ ಕೈ ಕೊಟ್ಟು ಕೂತು, ಅದು ಕಪ್ಪಾಗುವುದನ್ನು ಕಾದು ನೋಡಿದರು. ಕಾಯುವುದನ್ನು ಅವರಿಗೆ ನಾನು ಕಲಿಸಬೇಕಾಗಲಿಲ್ಲ.

ಆಮೇಲೆ ಒಂದೊಂದಾಗಿ ಬಣ್ಣಗಳು ಬಂದವು. ತಂಗಡಿ ಹೂವನ್ನು ಕುದಿಸಿ, ಪಟಿಕದ ನೀರಿನಲ್ಲಿ ಅದ್ದಿದ ಬಟ್ಟೆಗೆ ಹಾಕಿದರೆ ತೆಳು ಹಳದಿ. ಈ ಗಿಡದ ತೊಗಟೆಯಿಂದ ಹಿಂದೆ ಚರ್ಮ ಹದ ಮಾಡುತ್ತಿದ್ದರು; ಪಕ್ಕದ ತೆಲಂಗಾಣ ಇದನ್ನು ತನ್ನ ರಾಜ್ಯದ ಹೂವನ್ನಾಗಿ ಮಾಡಿಕೊಂಡಿದೆ; ನಾವು ಜೆಸಿಬಿಯಿಂದ ಕಿತ್ತು ಲಾರಿಗೆ ತುಂಬಿದೆವು. ಮುತ್ತುಗದ ಹೂವು ಫೆಬ್ರುವರಿ, ಮಾರ್ಚ್‌ನಲ್ಲಿ. ನೀರಿನಲ್ಲಿ ನೆನೆಸಿದರೆ ಸಾಕು, ಕಿತ್ತಳೆ ಹಳದಿ ಬಿಡುತ್ತದೆ. ಚಿಟಿಕೆ ಸುಣ್ಣ ಹಾಕಿದರೆ ಕೆಂಪಿನ ಕಡೆಗೆ ತಿರುಗುತ್ತದೆ. ದಾಗಡಿ ಸೊಪ್ಪನ್ನು ನೀರಿನಲ್ಲಿ ಕಿವುಚಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಇಡೀ ಬಟ್ಟಲು ಹಸಿರಾಗಿ ಹೆಪ್ಪುಗಟ್ಟುತ್ತದೆ. ಅದನ್ನು ಬೆರಳಲ್ಲಿ ಹಾಳೆಗೆ ಬಳಿಯುವಾಗ ಮಕ್ಕಳು ಹಾಕಿದ ಕೂಗಿಗೆ ಎದುರು ಮನೆಯವರು ಹೊರಗೆ ಬಂದು ನೋಡಿದರು. ಗೆರೆಗೆ ಹುಣಸೆ ಕಡ್ಡಿಯ ಇದ್ದಿಲು. ಮೈಸೂರು ಶೈಲಿಯ ಚಿತ್ರಕಾರರು ಮೊದಲ ರೇಖೆಗೆ ಬಳಸುತ್ತಿದ್ದದ್ದು ಅದನ್ನೇ. ಹುಣಸೆ ಎಂದಾಗ ಹೇಳಬೇಕು, ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪಿಗೂ ಒಮ್ಮೆ ಹೋಗಿದ್ದೆವು. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾದ ಜಾಗ. ಆ ಮುದಿ ಕಾಂಡಗಳನ್ನು ಇದ್ದಿಲಿನಲ್ಲಿ ಬರೆದುಕೊಂಡು ಬಂದೆವು. ಒಂದು ಕಡ್ಡಿಯನ್ನೂ ಅಲ್ಲಿಂದ ತರಲಿಲ್ಲ.

ಎಲ್ಲವೂ ಸರಿಯಾಗಿ ನಡೆಯಲಿಲ್ಲ. ಬಸಳೆ ಹಣ್ಣಿನ ನೇರಳೆ ಬಣ್ಣ ನೋಡಲು ಬಹಳ ಚಂದ, ಆದರೆ ಹದಿನೈದು ದಿನಕ್ಕೆ ಕಂದಿ ಹೋಯಿತು. ಅದರಲ್ಲಿ ಇಡೀ ನವಿಲು ಬರೆದಿದ್ದ ಹುಡುಗಿ ಅತ್ತಳು. ಎಕ್ಕದ ಹಾಲು ಮುಟ್ಟಿದ ಕೈಯಲ್ಲಿ ಒಬ್ಬ ಹುಡುಗ ಕಣ್ಣುಜ್ಜಿಕೊಂಡ, ತೊಳೆದು ತೊಳೆದು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಅಂದಿನಿಂದ ಎಕ್ಕವನ್ನು ದೂರದಿಂದ ನೋಡಿಯೇ ಬರೆಯುತ್ತೇವೆ. ಹೀಗೆ ದೂರ ಕೂತು ನೋಡಿದ್ದರಿಂದಲೇ ಅದರ ಎಲೆ ತಿನ್ನುವ ಕಂಬಳಿಹುಳು ಕಣ್ಣಿಗೆ ಬಿತ್ತು. ಮೈಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆ. ಅದೇ ಹುಡುಗ ಮೂರು ಶನಿವಾರ ಬೇರೆ ಏನೂ ಬರೆಯಲಿಲ್ಲ. ಎಲೆಯಡಿ ಹಸಿರು ಕೋಶ ತೂಗಿತು, ಕೊನೆಗೆ ಕಿತ್ತಳೆ ರೆಕ್ಕೆಯ ಚಿಟ್ಟೆ. ಆ ಹುಳುವಿಗೆ ಎಕ್ಕದ ಕುಲದ ಗಿಡಗಳೇ ಬೇಕು. ಕ್ರೋಟನ್ ಎಲೆಯ ಮೇಲೆ ಇಟ್ಟರೆ ಅದು ಸಾಯುತ್ತದೆ ಎಂದು ಆ ಹುಡುಗ ತನ್ನ ತಂದೆಗೆ ವಿವರಿಸುತ್ತಿದ್ದದ್ದನ್ನು ನಾನು ಗೇಟಿನ ಬಳಿ ನಿಂತು ಕೇಳಿದೆ. ಅವರು ನೀರಿನ ಟ್ಯಾಂಕರ್ ಓಡಿಸುವವರು. ‘ಮೇಡಂ, ಈ ಗಿಡವನ್ನು ನಾನು ದಿನಾ ನೋಡುತ್ತೇನೆ, ಒಂದು ದಿನವೂ ನಿಂತು ನೋಡಿರಲಿಲ್ಲ’ ಎಂದರು.

ಗಿಡಗಳ ಹೆಸರು ನನಗೆಲ್ಲ ಗೊತ್ತಿತ್ತೆಂದು ತಿಳಿಯಬೇಡಿ. ನಾನು ಮಲೆನಾಡಿನವಳು, ಈ ಬಯಲುಸೀಮೆಯ ಕುರುಚಲು ನನಗೂ ಹೊಸದು. ಹೆಸರು ಹೇಳಿಕೊಟ್ಟವರು ಹೆಂಗಸರು. ಶೆಡ್ಡಿನಲ್ಲಿದ್ದ ಸುರಪುರ ಕಡೆಯ ತಾಯಿಯೊಬ್ಬರು ಉತ್ತರಣಿ ಕಡ್ಡಿಯಲ್ಲಿ ಹಲ್ಲುಜ್ಜಿ ತೋರಿಸಿದರು. ಆಂಜನೇಯನ ಗುಡಿಯ ಮುಂದೆ ಹೂ ಮಾರುವ ಅಮ್ಮ ಎಕ್ಕದ ಹಾರ ಕಟ್ಟಲು ಪ್ರತಿ ಶನಿವಾರ ನಸುಕಿನಲ್ಲಿ ಈ ಏರಿಗೇ ಬರುತ್ತಿದ್ದರು. ಗಣೇಶನ ಹಬ್ಬಕ್ಕೆ 21 ಪತ್ರೆ ಕಟ್ಟಿ ಮಾರುವಾಗ ಅವುಗಳಲ್ಲಿ ಎಷ್ಟೋ ಇಲ್ಲಿನವೇ: ಎಕ್ಕ, ಉತ್ತರಣಿ, ವಿಷ್ಣುಕ್ರಾಂತಿ, ಲಕ್ಕಿ, ಉಮ್ಮತ್ತಿ. ನಾವು ಪೂಜೆಯಲ್ಲಿ ಅರ್ಕಪತ್ರ, ಅಪಾಮಾರ್ಗಪತ್ರ, ಸಿಂಧುವಾರಪತ್ರ ಎಂದು ಮಂತ್ರ ಹೇಳಿ ಏರಿಸುವುದು ಇವನ್ನೇ. ಮಂತ್ರ ಬಾಯಿಪಾಠವಿದ್ದ ಹುಡುಗನೊಬ್ಬನಿಗೆ ಸಿಂಧುವಾರವೆಂದರೆ ನಮ್ಮ ಲಕ್ಕಿ ಗಿಡವೆಂದು ತಿಳಿದ ದಿನ, ಅವನು ಆ ಎಲೆಯನ್ನು ಮೂಸಿ ಮೂಸಿ ಮನೆಗೆ ಒಯ್ದ. ಇನ್ನೊಂದು ಸಂಗತಿ ಹೇಳುತ್ತೇನೆ. ಗಸಗಸೆ ಹಣ್ಣಿನ ಮರ ಅಮೆರಿಕ ಖಂಡದಿಂದ ಬಂದದ್ದು, ಈ ನೆಲದ್ದಲ್ಲ ಎಂದಾಗ ಮಕ್ಕಳ ಮುಖ ಬಾಡಿತು. ಅವರಿಗೆ ಅತ್ಯಂತ ಪ್ರಿಯವಾದ ಮರ ಅದು. ಅದನ್ನು ಪಟ್ಟಿಗೆ ಸೇರಿಸಲೇಬೇಕೆಂದು ಹಠ ಹಿಡಿದರು. ಸೇರಿಸಲಿಲ್ಲ, ಆದರೆ ಅದನ್ನು ಪ್ರೀತಿಸಬೇಡಿ ಎಂದೂ ನಾನು ಹೇಳಲಿಲ್ಲ.

ಹೊರದೇಶದ ಮರಗಳ ಮೇಲೆ ನನಗೆ ದ್ವೇಷವಿಲ್ಲ. ಜರ್ಮನಿಯ ತೋಟಗಾರಿಕೆ ತಜ್ಞ ಕೃಂಬಿಗಲ್ ಅವರು 1908ರಲ್ಲಿ ಬೆಂಗಳೂರಿಗೆ ಬಂದ ಮೇಲೆ ಈ ಊರಿನ ರಸ್ತೆಗಳಲ್ಲಿ ವರ್ಷವಿಡೀ ಒಂದಲ್ಲ ಒಂದು ಮರ ಹೂ ಬಿಟ್ಟಿರುವಂತೆ ಯೋಜಿಸಿದರು. ಜಕರಾಂಡದ ನೀಲಿಯಡಿ ಬಸ್ಸಿಗೆ ಕಾದ ಸಂಜೆಗಳಿಗೆ ನಾನೂ ಋಣಿ. ಆದರೆ ನಮ್ಮ ಕಣ್ಣು ಆ ಚೆಲುವಿಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ಮುಳ್ಳು, ಒಣಹುಲ್ಲು, ಕುರುಚಲು ಕಂಡರೆ ಪಾಳು ಎನ್ನುತ್ತೇವೆ, ಖಾಲಿ ಜಾಗ ಎನ್ನುತ್ತೇವೆ. ಹೆಸರಘಟ್ಟದ ಹುಲ್ಲುಗಾವಲನ್ನು ಎಷ್ಟು ವರ್ಷ ಖಾಲಿ ಎಂದೆವು! ಅಲ್ಲಿನ 5,600ಕ್ಕೂ ಹೆಚ್ಚು ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು 2024ರಲ್ಲಿ ಒಪ್ಪಿಗೆ ಸಿಕ್ಕಿತು. ಅದೂ ಸುಲಭವಾಗಿ ಸಿಕ್ಕಿದ್ದಲ್ಲ, ವರ್ಷಗಟ್ಟಲೆ ಹೋರಾಡಿದವರ ದುಡಿಮೆ. ನಮ್ಮ ಕೆರೆ ಏರಿಯಂಥ ಅರ್ಧ ಎಕರೆಗೆ, ಒಂದು ಎಕರೆಗೆ ಹೋರಾಡುವವರು ಯಾರು?

ಗಿಡದಿಂದ ಕಲೆ ಎಂದೊಡನೆ ಗಿಡಕ್ಕೆ ಒಳ್ಳೆಯದಾಗುತ್ತದೆ ಎಂದು ನಾನು ನಂಬಿಲ್ಲ. ನಮ್ಮ ಸಾಗರ, ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆಗೆ ಸಮನಾದದ್ದು ಇಲ್ಲ. ಆ ಶ್ರೀಗಂಧವೇ ಈಗ ಕಾಡಿನಲ್ಲಿ ಅಪರೂಪ. ಬೆಂಗಳೂರಿನ ಅಡುಗೆಮನೆಗಳಿಗೆ ಪ್ರಿಯವಾದ ಮಾಕಳಿ ಬೇರಿನ ಉಪ್ಪಿನಕಾಯಿಯೂ ಹಾಗೆಯೇ. ಬಂಡೆ ಬೆಟ್ಟಗಳ ಆ ಬಳ್ಳಿಯನ್ನು ಬೇರುಸಹಿತ ಅಗೆದು ಅಗೆದು ಅಳಿವಿನ ಅಂಚಿಗೆ ತಂದಿದ್ದೇವೆ. ಹಾಗಾಗಿ ನನ್ನ ತರಗತಿಯಲ್ಲಿ ಅಜ್ಜಿಯ ನಿಯಮವೇ ನಡೆಯುವುದು. ಬಿದ್ದ ಹೂವು, ಉದುರಿದ ಎಲೆ, ಒಣಗಿದ ಕಡ್ಡಿ. ಬೇರನ್ನು ಮುಟ್ಟುವುದಿಲ್ಲ. ಒಂಟಿಯಾಗಿ ನಿಂತ ಗಿಡದಿಂದ ಏನನ್ನೂ ತೆಗೆಯುವುದಿಲ್ಲ, ಕೂತು ಬರೆದು ಬರುತ್ತೇವೆ ಅಷ್ಟೆ.

ಲಂಟಾನಕ್ಕೆ ಮಾತ್ರ ಈ ನಿಯಮವಿಲ್ಲ. ಅಲಂಕಾರಕ್ಕೆಂದು ಹೊರದೇಶದಿಂದ ತಂದ ಈ ಗಿಡ ಬಂಡೀಪುರದಿಂದ ಮಲೆ ಮಹದೇಶ್ವರ ಬೆಟ್ಟದವರೆಗೆ ಕಾಡನ್ನೆಲ್ಲ ಮುಸುಕಿ, ನೆಲದ ಹುಲ್ಲನ್ನು ಮೇಲೇಳಲು ಬಿಡುತ್ತಿಲ್ಲ. ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ನೆರವಿನಿಂದ ಮಹದೇಶ್ವರ ಬೆಟ್ಟದ ಸೋಲಿಗರು ಅದನ್ನು ಕಡಿದು, ಬೇಯಿಸಿ, ಸಿಪ್ಪೆ ತೆಗೆದು ಪೀಠೋಪಕರಣ ಹೆಣೆಯುವುದನ್ನು ಕಲಿತರು. 2024ರ ಆರಂಭದಲ್ಲಿ ಲಂಟಾನದ ಕಡ್ಡಿಗಳಿಂದ ಕಟ್ಟಿದ ಆನೆಗಳ ಹಿಂಡು ಲಾಲ್‌ಬಾಗ್‌ಗೆ ಬಂದಿದ್ದಾಗ ಮಕ್ಕಳನ್ನು ಕರೆದೊಯ್ದಿದ್ದೆ. ಜೀವಂತ ಆನೆಯಷ್ಟೇ ಎತ್ತರ. ಪುಟ್ಟ ಹುಡುಗಿಯೊಬ್ಬಳು ಮರಿಯಾನೆಯ ಕಾಲ ಬಳಿ ಕೂತು, ಕಡ್ಡಿಯ ಮೇಲೆ ಕಡ್ಡಿ ಹೇಗೆ ಕೂತಿದೆ ಎಂದು ಎಣಿಸುತ್ತ, ಹೊರಡೋಣ ಎಂದರೂ ಏಳಲಿಲ್ಲ. ಹೊರಗಿನ ಗಿಡವನ್ನು ಎಷ್ಟು ಕಡಿದರೂ ಕಾಡಿಗೆ ಒಳಿತು. ನಮ್ಮ ಗಿಡವನ್ನು ಮುಟ್ಟುವಾಗ ಅಜ್ಜಿಯ ಕೈ ಬೇಕು. ಇದನ್ನು ಮಕ್ಕಳಿಗೆ ತಿಳಿಸಲು ನನಗೆ ಆ ಆನೆಗಳಿಗಿಂತ ಒಳ್ಳೆಯ ಪಾಠ ಸಿಗಲಿಲ್ಲ.

ಲಾಲ್‌ಬಾಗ್‌ನ ಬಗ್ಗೆ ಎರಡು ಮಾತು. ಇಂದಿನಂತೆ ಕ್ಯಾಮೆರಾ ಕೈಗೆ ಸಿಗದ ಕಾಲದಲ್ಲಿ, ಜಾನ್ ಕ್ಯಾಮರಾನ್ ಅವರು ಆ ತೋಟದ ಮುಖ್ಯಸ್ಥರಾಗಿದ್ದಾಗ, ಚೆಲುವಯ್ಯ ರಾಜು ಎಂಬ ನಮ್ಮವರೇ ಆದ ಚಿತ್ರಕಾರರು ಅಲ್ಲಿನ ಗಿಡಗಳನ್ನು ಎಲೆ ಎಲೆಯಾಗಿ, ಕೇಸರ ಕೇಸರವಾಗಿ ಬರೆದಿಟ್ಟರು. ಬೆಂಗಳೂರಿನ ಎಷ್ಟು ಚಿತ್ರಕಲಾ ಶಿಕ್ಷಕರಿಗೆ ಈ ಹೆಸರು ಗೊತ್ತು? ನನಗೇ ತಿಳಿದದ್ದು ನಿವೃತ್ತಿಯಾದ ಮೇಲೆ. ಅದೇ ಲಾಲ್‌ಬಾಗ್‌ನಲ್ಲಿ ಜನವರಿ ಮತ್ತು ಆಗಸ್ಟ್‌ನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಗಾಜಿನ ಮನೆಯಲ್ಲಿ ಗುಲಾಬಿ, ಸೇವಂತಿಗೆಗಳಿಂದ ಕಟ್ಟಿದ ಪ್ರತಿಕೃತಿಗಳನ್ನು ಲಕ್ಷಾಂತರ ಜನ ನೋಡುತ್ತಾರೆ. ಜೊತೆಗೆ ಜಪಾನಿನ ಹೂಜೋಡಣೆಯಾದ ಇಕೆಬಾನ, ಬೋನ್ಸಾಯ್, ತರಕಾರಿ ಕೆತ್ತನೆ, ಥಾಯ್ ಕಲೆ. ಜಪಾನಿನವರು ತಮ್ಮ ಒಂದು ಕೊಂಬೆ, ಎರಡು ಎಲೆಯನ್ನು ಎಷ್ಟು ಗೌರವದಿಂದ ನೋಡುತ್ತಾರೆಂಬುದನ್ನು ಅಲ್ಲಿ ಕಣ್ತುಂಬ ಕಂಡಿದ್ದೇನೆ. ಅಂಥ ಗೌರವವನ್ನು ನಮ್ಮ ತುಂಬೆಗೆ, ಲಕ್ಕಿಗೆ, ಮುತ್ತುಗಕ್ಕೆ ಕೊಟ್ಟ ಒಂದು ಮೇಜನ್ನು ನಾನು ಹೋದ ಯಾವ ವರ್ಷವೂ ಕಾಣಲಿಲ್ಲ. ತೋಟಗಾರಿಕೆ ಇಲಾಖೆಯವರು ಮುಂದಿನ ಪ್ರದರ್ಶನದಲ್ಲಿ ಒಂದೇ ಒಂದು ಮೂಲೆ ಕೊಡಲಿ. ಹಸೆ ಚಿತ್ತಾರ ಬರೆಯುವ ಹೆಂಗಸರನ್ನು ಕರೆಸಲಿ, ಪಕ್ಕದಲ್ಲಿ ಕುಂಡದಲ್ಲಿ ಒಂದು ಗುರಿಗೆ ಸಸಿ ಇರಲಿ. ಚನ್ನಪಟ್ಟಣದ ಕುಶಲಕರ್ಮಿಯೊಬ್ಬರು ಕೂತು ಬುಗುರಿ ತಿರುಗಿಸಲಿ.

ಚನ್ನಪಟ್ಟಣದ ಬುಗುರಿಯನ್ನೇ ತೆಗೆದುಕೊಳ್ಳಿ. ಮೈಸೂರು ರಸ್ತೆಯಲ್ಲಿ ಹೋಗುವ ಪ್ರತಿಯೊಬ್ಬರೂ ಮಕ್ಕಳಿಗೆ ಕೊಳ್ಳುತ್ತೇವೆ. ಅದರ ಮರ ಹಾಲೆ ಮರ. ಮೃದು, ಬಿಳಿ, ಕಡೆಯಲು ಹದವಾದದ್ದು. ಅದರ ಸಸ್ಯಶಾಸ್ತ್ರೀಯ ಹೆಸರಿನ ‘ಟಿಂಕ್ಟೋರಿಯಾ’ ಎಂಬ ಮಾತಿಗೆ ಬಣ್ಣ ಹಾಕಲು ಬಳಸುವಂಥದ್ದು ಎಂಬ ಅರ್ಥವಿದೆ. ಎಲೆಯಿಂದ ನೀಲಿ ತೆಗೆಯುತ್ತಿದ್ದರು. ಬುಗುರಿಯ ಹೊಳಪಿನ ಬಣ್ಣ ಅರಗಿನದು. ಅರಗಿನ ಹುಳು ಮುತ್ತುಗದಂಥ ಮರಗಳ ಎಳೆ ಕೊಂಬೆಯ ರಸ ಹೀರಿ ಬದುಕುವ ಜೀವಿ. ಕೊನೆಯ ನುಣುಪಿಗೆ ಉಜ್ಜುವುದು ಕೇದಿಗೆಯ ಗರಿ. ಅಂಗೈಯಲ್ಲಿ ಹಿಡಿಯುವ ಒಂದು ಬುಗುರಿಯಲ್ಲಿ ಮೂರು ಗಿಡ, ಒಂದು ಹುಳು. ಹಾಗಿದ್ದರೂ ನಮ್ಮ ಬಡಾವಣೆಯ ನಾಲ್ಕು ಉದ್ಯಾನಗಳಲ್ಲಿ ಒಂದು ಹಾಲೆ ಮರ ಇಲ್ಲ, ಒಂದು ಮುತ್ತುಗ ಇಲ್ಲ. ನಾನು ನಡೆದು ನೋಡಿ ಹೇಳುತ್ತಿದ್ದೇನೆ.

ಇನ್ನು ಏರಿಯ ಸಂಗತಿ. ಕೆಲಸ ಶುರುವಾಗುವ ಮುನ್ನ ಸಂಬಂಧಪಟ್ಟ ಕಚೇರಿಗೆ ಎರಡು ಸಲ ಹೋಗಿದ್ದೆ. ಮಕ್ಕಳ ಚಿತ್ರಗಳ ನಕಲು ಕೊಟ್ಟು, ಏರಿಯ ಉದ್ದಕ್ಕೂ ಬೇಡ, ಪೂರ್ವದ ತುದಿಯಲ್ಲಿ ಐವತ್ತು ಅಡಿಯನ್ನಾದರೂ ಇದ್ದ ಹಾಗೆ ಬಿಡಿ ಎಂದು ಬರೆದುಕೊಟ್ಟೆ. ಅಧಿಕಾರಿಗಳು ಮರ್ಯಾದೆಯಿಂದಲೇ ಮಾತನಾಡಿದರು. ಚಿತ್ರಗಳು ಬಹಳ ಚೆನ್ನಾಗಿವೆ ಎಂದರು. ಏರಿ ಭದ್ರವಾಗಿರಬೇಕಾದರೆ ಗಿಡಗಂಟಿ ತೆಗೆಯಲೇಬೇಕು ಎಂದರು. ಮರಗಳ ಬೇರಿನಿಂದ ಏರಿಗೆ ಅಪಾಯವೆಂದರೆ ಒಪ್ಪಿಕೊಳ್ಳುತ್ತೇನೆ. ತುಂಬೆಯಿಂದ, ವಿಷ್ಣುಕ್ರಾಂತಿಯಿಂದ ಯಾವ ಅಪಾಯ? ಮಣ್ಣನ್ನು ಹಿಡಿದಿಟ್ಟಿದ್ದೇ ಅವು. ಉತ್ತರ ಬರಲಿಲ್ಲ. ಒಂದು ಮಂಗಳವಾರ ಬೆಳಿಗ್ಗೆ ಯಂತ್ರ ಬಂತು, ಬುಧವಾರ ಸಂಜೆಗೆ ಬರಿಯ ಮಣ್ಣು ಉಳಿದಿತ್ತು. ಶನಿವಾರ ಮಕ್ಕಳು ಬಂದಾಗ ನಾನು ಪಾಠ ಮಾಡಲಿಲ್ಲ. ಎಲ್ಲರೂ ಏರಿಯ ಮೇಲೆ ಹೋಗಿ ನಿಂತೆವು. ಎಕ್ಕದ ಹುಡುಗ ಗಿಡವಿದ್ದ ಜಾಗವನ್ನು ಕಾಲಲ್ಲಿ ಗುರುತು ಹಾಕಿ ತೋರಿಸಿದ. ಹೂ ಮಾರುವ ಅಮ್ಮ ಈಗ ಹಾರಕ್ಕೆ ಕೆ.ಆರ್. ಮಾರುಕಟ್ಟೆಯಿಂದ ಎಕ್ಕ ಕೊಂಡು ತರುತ್ತಾರೆ.

ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಏರಿಯ ಕೆಳಗೆ, ತೂಬಿನ ಪಕ್ಕದಲ್ಲಿ, ಎರಡು ಚಾಪೆಯಗಲದ ಜಾಗದಲ್ಲಿ ಒಂದಿಷ್ಟು ತುಂಬೆ, ಒಂದು ತಂಗಡಿ, ಒಂದು ಲಕ್ಕಿ ಉಳಿದಿವೆ. ಹುಲ್ಲಿಗೆ ನೀರು ಹಾಯಿಸಲು ಬರುವ ಮಾಲಿ ಅದನ್ನು ಬಿಟ್ಟಿದ್ದಾರೆ. ಏಕೆಂದು ಕೇಳಿದೆ. ‘ಮಕ್ಕಳು ಅಲ್ಲಿ ಕೂತು ಬರೆಯುತ್ತಿದ್ದರಲ್ಲಮ್ಮ, ಅದಕ್ಕೆ’ ಎಂದರು. ಅವರು ನನ್ನ ಮನವಿ ಪತ್ರ ಓದಿದವರಲ್ಲ. ಮಕ್ಕಳು ಕೂತಿದ್ದನ್ನು ನೋಡಿದವರು.

ಶಾಲಾ ಶಿಕ್ಷಣ ಇಲಾಖೆಯವರಿಗೆ ನನ್ನ ಕೋರಿಕೆ ಇಷ್ಟೇ: ಚಿತ್ರಕಲೆ ತರಗತಿಗೆ ವಾರದಲ್ಲಿ ಸಿಗುವ ಅವಧಿಗಳಲ್ಲಿ ತಿಂಗಳಿಗೆ ಒಂದನ್ನಾದರೂ ಶಾಲೆಯ ಗೇಟಿನಾಚೆ ಕಳೆಯಲು ಶಿಕ್ಷಕರಿಗೆ ಅನುಮತಿ ಕೊಡಿ. ಗ್ರೇಡ್ ಪರೀಕ್ಷೆಯ ನಿಸರ್ಗ ಚಿತ್ರಣಕ್ಕೆ ಆ ಊರಿನ ಗಿಡವನ್ನೇ ಇಡಿ. ರಾಯಚೂರಿನ ಮಗು ತನ್ನ ಜಾಲಿಯನ್ನು ಬರೆಯಲಿ, ಕಾರವಾರದ ಮಗು ತನ್ನ ಸುರಹೊನ್ನೆಯನ್ನು ಬರೆಯಲಿ. ಕೆರೆಗಳ ಹೊಣೆ ಹೊತ್ತವರಿಗೆ: ಕೆಲಸ ಆರಂಭಿಸುವ ಮುನ್ನ ಏರಿಯ ಮೇಲೆ ಏನೇನು ಬೆಳೆದಿದೆ ಎಂದು ಒಂದು ದಿನ ನೋಡಿ ಬರೆದುಕೊಳ್ಳಿ. ಬರೆದುಕೊಡಲು ನಮ್ಮ ಮಕ್ಕಳು ಸಿದ್ಧರಿದ್ದಾರೆ, ದುಡ್ಡು ಕೇಳುವುದಿಲ್ಲ.

ಕೊನೆಯದಾಗಿ 17ನೆಯ ಹಾಳೆ. ಉಳಿದ 42 ಗಿಡಗಳ ಹೆಸರನ್ನು ಹೇಗೋ ಕೇಳಿ, ತೋರಿಸಿ, ಹೋಲಿಸಿ ಪತ್ತೆ ಮಾಡಿದೆವು. ಇದೊಂದಕ್ಕೆ ಸಿಗಲಿಲ್ಲ. ಗೇಣುದ್ದದ ಗಿಡ, ನೆಲಕ್ಕೆ ಒರಗಿ ಬೆಳೆಯುತ್ತಿತ್ತು. ಎಲೆ ಹುಣಸೆ ಬೀಜದಷ್ಟು, ಎದುರುಬದುರಾಗಿ, ಕೆಳಮೈಯಲ್ಲಿ ಸಣ್ಣ ರೋಮ. ಹೂವು ತಿಳಿನೇರಳೆ, ಸಾಸಿವೆಗಿಂತ ತುಸು ದೊಡ್ಡದು, ಸಂಜೆ ನಾಲ್ಕರ ಹೊತ್ತಿಗೆ ಮುಚ್ಚಿಕೊಳ್ಳುತ್ತಿತ್ತು. ಬರೆದವಳು ಹನ್ನೊಂದು ವರ್ಷದ ಹುಡುಗಿ. ಅಳಲೆಯ ಮಸಿಯಲ್ಲಿ ಗೆರೆ ಹಾಕಿ, ಹೂವಿಗೆ ಮಾತ್ರ ಬಸಳೆಯ ಬಣ್ಣ ತುಂಬಿದ್ದಳು. ಅದು ಈಗ ಕಂದಿದೆ, ಗೆರೆ ಸ್ಪಷ್ಟವಾಗಿದೆ. ಮುಂದಿನ ಮಳೆಗಾಲಕ್ಕೆ ಮತ್ತೊಮ್ಮೆ ನೋಡಿ ಯಾರನ್ನಾದರೂ ಕೇಳೋಣ ಎಂದುಕೊಂಡಿದ್ದೆವು. ತೂಬಿನ ಬಳಿ ಉಳಿದ ಜಾಗದಲ್ಲಿ ಹುಡುಕಿದೆವು, ಅಲ್ಲಿ ಇಲ್ಲ. ಚಿತ್ರದ ನಕಲನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಜಾಗವಿದ್ದರೆ ದಯವಿಟ್ಟು ಅಚ್ಚು ಹಾಕಿ. ಗುರುತು ಸಿಕ್ಕ ಓದುಗರು, ತಮ್ಮ ಊರಿನಲ್ಲಿ ಇದನ್ನು ಏನೆಂದು ಕರೆಯುತ್ತಾರೆ, ಈಗಲೂ ಎಲ್ಲಿ ಬೆಳೆಯುತ್ತಿದೆ ಎಂಬುದನ್ನು ಪತ್ರಿಕೆಗೆ ಬರೆದು ತಿಳಿಸಲಿ. ಆ ಹುಡುಗಿ ಹಾಳೆಯ ಕೆಳಗೆ ಹೆಸರಿಗೆಂದು ಜಾಗ ಬಿಟ್ಟಿದ್ದಾಳೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಚಿತ್ರಕಲಾ ಶಿಕ್ಷಕಿ, ಬೆಂಗಳೂರು